ಮಂಡಿ ಆಪರೇಷನ್ ಆದ ಮೇಲಿನ ಮೂರು ತಿಂಗಳು: ಅವಸರ ಬಿಟ್ಟು, ಮನೆಯವರ ಜೊತೆ

ಮಂಡಿ ಕೀಲು ಬದಲಿಸುವ ಆಪರೇಷನ್‌ಗೆ ಹಿಡಿಯುವುದು ಒಂದು, ಒಂದೂವರೆ ಗಂಟೆ. ಮರುದಿನ, ಎಷ್ಟೋ ಕಡೆ ಅದೇ ದಿನ ಸಂಜೆಯೇ, ವಾಕರ್ ಹಿಡಿಸಿ ನಡೆಸುತ್ತಾರೆ. ಮೂರ್ನಾಲ್ಕು ದಿನಕ್ಕೆ ಮನೆ. ಇಷ್ಟು ಬೇಗ ಆಗಿಬಿಡುವುದರಿಂದಲೇ ಮುಂದಿನದೂ ಹೀಗೇ ಓಡುತ್ತದೆ ಅಂತ ಮನೆಮಂದಿಯೆಲ್ಲ ಅಂದುಕೊಳ್ಳುತ್ತಾರೆ. ಓಡುವುದಿಲ್ಲ. ಮನೆಯೊಳಗೆ ಕೋಲಿಲ್ಲದೆ ಸಲೀಸಾಗಿ ಓಡಾಡಲು ಸುಮಾರು ಆರು ವಾರ ಬೇಕು. ಸಂತೆಗೆ ಹೋಗಿಬರುವಷ್ಟಾಗಲು ಮೂರು ತಿಂಗಳು. ಕಾಲಿನ ನೆನಪೇ ಬಾರದೆ ಒಂದು ದಿನ ಕಳೆಯಲು ಹತ್ತಿರ ಹತ್ತಿರ ಒಂದು ವರ್ಷ. ಎರಡೂ ಮಂಡಿ ಒಟ್ಟಿಗೆ ಆಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಇನ್ನೂ ತಡವಾಗಬಹುದು.

ಈ ದಿನಗಳಲ್ಲಿ ತಾಳ್ಮೆ ಅನ್ನುವುದು ಒಂದು ಕೆಲಸ. ಸಣ್ಣ ಸಣ್ಣ ವ್ಯಾಯಾಮವನ್ನು ದಿನಕ್ಕೆ ಹತ್ತಾರು ಸಲ ಮಾಡಬೇಕು, ಅದರ ಫಲವನ್ನು ವಾರಕ್ಕೊಮ್ಮೆ ಮಾತ್ರ ನೋಡಬೇಕು. ಮನೆಯ ದಿನಚರಿಗೇ ಅದನ್ನು ಗಂಟು ಹಾಕಿದರೆ ಬೇಸರವಿಲ್ಲದೆ ಸಾಗುತ್ತದೆ. ಗೋಡೆಗೆ ಪಟ್ಟಿ ಅಂಟಿಸಿ ಗಡಿಯಾರ ನೋಡಿಕೊಂಡು ಮಾಡುವವರು ಹತ್ತು ದಿನಕ್ಕೇ ಸೋಲುತ್ತಾರೆ. ಇಲ್ಲಿ ಕೊಟ್ಟಿರುವುದು ಸಾಮಾನ್ಯ ಲೆಕ್ಕ. ನಿಮಗೆ ಆಪರೇಷನ್ ಮಾಡಿದ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ನೆಲದ ಕೆಲಸ ಮೇಲೇರಲಿ

ನಮ್ಮ ಮನೆಗಳು ನಡೆಯುವುದೇ ನೆಲದ ಮೇಲೆ. ಊಟದ ಮಣೆ, ಈಳಿಗೆ ಮಣೆ, ರಂಗೋಲಿ, ಪೂಜೆ, ಹೂ ಕಟ್ಟುವುದು, ಕಾಲು ಚಾಚಿ ಹರಟುವುದು. ಮಂಡಿ ಆಪರೇಷನ್ ಆದವರಿಗೆ ಮೊದಲು ಕೈತಪ್ಪುವುದು ಇವೇ, ಮನಸ್ಸು ಸೊರಗುವುದೂ ಇದರಿಂದಲೇ. ಹಾಗಾಗಿ ಆಸ್ಪತ್ರೆಗೆ ಹೋಗುವ ಮುಂಚೆಯೇ ಕಿಟಕಿಯ ಹತ್ತಿರ, ಅಡುಗೆಮನೆ ಕಾಣುವ ಕಡೆ, ಒಂದು ಟೇಬಲ್ಲು ಮತ್ತು ಕೈಯಿರುವ ಗಟ್ಟಿ ಮರದ ಕುರ್ಚಿ ಹಾಕಿಡಿ. ಕೂರುವ ಜಾಗ ನೆಲದಿಂದ 18ರಿಂದ 20 ಇಂಚು ಎತ್ತರ ಇರಲಿ. ಕೂತಾಗ ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ಎತ್ತರ ಸಾಲದಿದ್ದರೆ ಜಮಖಾನ ಮಡಚಿ ಹಾಕಿ. ಮೆತ್ತನೆಯ ದಿಂಬು ಒಳಗೆ ಕುಸಿಯುತ್ತದೆ, ಏಳಲು ಕಷ್ಟ. ಸೋಫಾದ್ದೂ ಅದೇ ಕತೆ. ಪ್ಲಾಸ್ಟಿಕ್ ಕುರ್ಚಿಯಂತೂ ಬೇಡವೇ ಬೇಡ: ಏಳುವಾಗ ಅದರ ಕೈಗಳ ಮೇಲೆ ಭಾರ ಬಿಟ್ಟರೆ ನುಣುಪು ಟೈಲ್ಸ್ ಮೇಲೆ ಕಾಲುಗಳು ಹರಡಿಕೊಂಡು ಜಾರುತ್ತವೆ.

ಇಂಡಿಯನ್ ಟಾಯ್ಲೆಟ್ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಬೇಕು. ವೆಸ್ಟರ್ನ್ ಇದ್ದರೂ ತಗ್ಗಾಗಿದ್ದರೆ ಎತ್ತರಿಸುವ ಸೀಟ್ ಹಾಕಿಸಿ. ಟವೆಲ್ ಕಂಬಿಯನ್ನು ಹಿಡಿದು ಏಳುವುದು ಎಲ್ಲರೂ ಮಾಡುವ ತಪ್ಪು. ಅದು ಟವೆಲ್ಲಿನ ಭಾರಕ್ಕೆ ಮಾಡಿದ್ದು, ಕಿತ್ತುಬರುತ್ತದೆ. ಗೋಡೆಗೆ ಸ್ಕ್ರೂ ಹೊಡೆದ ಹಿಡಿಯನ್ನೇ ಹಾಕಿಸಬೇಕು. ಸ್ನಾನಕ್ಕೆ ರಬ್ಬರ್ ಬುಷ್ ಇರುವ ಎತ್ತರದ ಸ್ಟೂಲು, ಬಗ್ಗದೆ ನೀರು ಮೊಗೆಯಲು ಬಕೆಟ್ಟಿಗೆ ಇನ್ನೊಂದು ಸ್ಟೂಲು. ಕಾಲೊರಸುಗಳನ್ನೆಲ್ಲ ಎತ್ತಿಡಿ. ಸೀರೆ, ನೈಟಿ, ಪಂಚೆ ಪಾದದ ಗಂಟಿಗಿಂತ ಮೇಲಿರಲಿ. ಬಾಗಿಲ ಮುಂದೆ ರಂಗೋಲಿ ಪುಡಿ ಚೆಲ್ಲಿದ ಕಲ್ಲಿನ ಮೇಲೆ ವಾಕರ್‌ನ ರಬ್ಬರ್ ಜಾರುತ್ತದೆ, ಆದ್ದರಿಂದ ಮೂರು ತಿಂಗಳು ರಂಗೋಲಿ ಒಂದು ಪಕ್ಕಕ್ಕೆ ಸರಿಯಲಿ. ಹೊಸ್ತಿಲು ಎತ್ತರವಾಗಿದ್ದರೆ ಅದನ್ನು ದಾಟುವ ಬಗೆಯನ್ನು ಆಸ್ಪತ್ರೆಯಲ್ಲೇ ಫಿಸಿಯೋ ಹತ್ತಿರ ಕಲಿತು ಬನ್ನಿ.

ಮಂಡಿ ಕೆಳಗಿನ ದಿಂಬು

ಮನೆಯವರ ಪ್ರೀತಿ ಮೊದಲು ಎಡವುವುದು ಇಲ್ಲಿ. ನೋವು ಅಂದ ಕೂಡಲೇ ಮಂಡಿ ಕೆಳಗೆ ಒಂದು ದಿಂಬು ತಂದು ತುರುಕುತ್ತಾರೆ. ಹಾಯೆನಿಸುತ್ತದೆ, ಯಾಕೆಂದರೆ ಬಾವು ಬಂದ ಮಂಡಿಗೆ ತುಸು ಬಾಗಿರುವುದೇ ಇಷ್ಟ. ಆದರೆ ರಾತ್ರಿಯಿಡೀ ಹಾಗೇ ಇದ್ದರೆ ಹಿಂಭಾಗದ ನರಸ್ನಾಯುಗಳು ಅಲ್ಲಿಗೇ ಬಿಗಿದುಕೊಳ್ಳುತ್ತವೆ. ಎಲ್ಲರ ಕಣ್ಣೂ ಮಂಡಿ ಎಷ್ಟು ಬಾಗುತ್ತದೆ ಅನ್ನುವುದರ ಮೇಲೆ; ಪೂರ್ತಿ ನೇರವಾಗುವುದು ಅದಕ್ಕಿಂತ ಮುಖ್ಯ. ಹತ್ತು ಡಿಗ್ರಿ ಬಾಗಿಯೇ ಉಳಿದರೂ ಆ ಕಾಲು ಗಿಡ್ಡವಾದಂತಾಗಿ ಕುಂಟು ಬರುತ್ತದೆ, ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿದು ಸೋಲುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ.

ದಿಂಬು ಇಡಲೇಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಿ, ಮಂಡಿ ಖಾಲಿಯಲ್ಲಿ ತೂಗಲಿ. ಇದನ್ನೇ ವ್ಯಾಯಾಮವಾಗಿಯೂ ಮಾಡಬೇಕು. ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ನೀವು, ಇನ್ನೊಂದರ ಮೇಲೆ ಹಿಮ್ಮಡಿ ಮಾತ್ರ, ನಡುವೆ ಏನೂ ಬೇಡ. ತೊಡೆಯ ಮೇಲೆ ಮೊರ, ಮೊರದಲ್ಲಿ ಮಲ್ಲಿಗೆ ಮೊಗ್ಗು. ನಾಲ್ಕು ಮೊಗ್ಗು ಜೋಡಿಸಿ, ಬಾಳೆನಾರು ಸುತ್ತಿ, ಗಂಟೆಳೆಯುವಷ್ಟರಲ್ಲಿ ಮಂಡಿ ತನ್ನ ಭಾರಕ್ಕೆ ತಾನೇ ಒಂದು ನೂಲಿನಷ್ಟು ಇಳಿದಿರುತ್ತದೆ. ಕೈಯಿಂದ ಒತ್ತುವುದು ಬೇಡ. ಮೊದಲ ದಿನಗಳಲ್ಲಿ ಗೇಣು ಹೂವಿಗೇ ಹಿಂಭಾಗ ಸೆಳೆಯುತ್ತದೆ. ಕಾಲು ಇಳಿಸಿ ಮೆಲ್ಲಗೆ ಮಡಚಿ ಬಿಡಿಸಿ, ಮತ್ತೆ ಇಡಿ. ಎರಡು ಮೂರು ವಾರಕ್ಕೆ ಒಂದು ಮೊಳ ಕಟ್ಟುವಷ್ಟು ಹೊತ್ತು, ಅಂದರೆ ಹತ್ತು ಹದಿನೈದು ನಿಮಿಷ, ಕಾಲು ಚಾಚಿ ಕೂರಲು ಬರುತ್ತದೆ. ದಿನಕ್ಕೆ ಮೂರು ಸಲ. ಹೂವಿನ ಅಭ್ಯಾಸ ಇಲ್ಲದವರಿಗೆ ಪೇಪರ್ ಓದುವುದು ಇದೆ.

ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಐಸು

ವ್ಯಾಯಾಮ ಮುಗಿದ ಮೇಲೆ ಐಸ್ ಇಡಬೇಕು. ಒಮ್ಮೆಗೆ 15ರಿಂದ 20 ನಿಮಿಷ, ದಿನಕ್ಕೆ ನಾಲ್ಕೈದು ಸಲ, ಕಾಲು ಎದೆಮಟ್ಟಕ್ಕಿಂತ ಮೇಲಿಟ್ಟು. ಇದಕ್ಕೆ ಕಾಫಿ ಫಿಲ್ಟರಿಗಿಂತ ಒಳ್ಳೆಯ ಗಡಿಯಾರ ಇಲ್ಲ. ಪುಡಿ ಹಾಕಿ ಕುದಿನೀರು ಹೊಯ್ದು ಮುಚ್ಚಳ ಮುಚ್ಚಿದಾಗ ಐಸ್ ಕಟ್ಟಿ, ಡಿಕಾಕ್ಷನ್ ಇಳಿದು ಹಾಲು ಕಾಯುವಾಗ ಬಿಚ್ಚಿ. ಐಸನ್ನು ಒಗೆದ ತೆಳು ಟವೆಲ್ಲಿನಲ್ಲಿ ಸುತ್ತಿಯೇ ಇಡಬೇಕು. ಗಾಯದ ಹೊರಬದಿಯಲ್ಲಿ ಅಂಗೈಯಗಲ ಜಾಗ ಜೋಮು ಹಿಡಿದಿರುತ್ತದೆ. ಅಲ್ಲಿ ಚರ್ಮ ಸುಡುವಷ್ಟು ತಣ್ಣಗಾದರೂ ಗೊತ್ತಾಗುವುದಿಲ್ಲ. ಐಸ್ ಪ್ಯಾಕ್ ಇಲ್ಲದಿದ್ದರೆ ಫ್ರೀಜರಿನ ಬಟಾಣಿ ಪೊಟ್ಟಣ ಮಂಡಿಯ ಆಕಾರಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಮಿಕ್ಕ ವ್ಯಾಯಾಮ ನಾಲ್ಕೇ. ಎಚ್ಚರವಿದ್ದಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸುವುದು. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಮಲಗಿದಲ್ಲೇ ತೊಡೆ ಬಿಗಿಮಾಡಿ ಮಂಡಿಯನ್ನು ಹಾಸಿಗೆಗೆ ಒತ್ತುವುದು, ಐದು ಎಣಿಸುವವರೆಗೆ, ಹತ್ತು ಸಲ. ಕಾಲನ್ನು ನೇರವಾಗಿ ಆರೆಂಟು ಇಂಚು ಎತ್ತಿ ಐದು ಎಣಿಸಿ ಇಳಿಸುವುದು. ಎತ್ತುವಾಗ ಮಂಡಿ ಬಾಗಿದರೆ ಅದು ಲೆಕ್ಕಕ್ಕಿಲ್ಲ. ನಾಲ್ಕನೆಯದು ಹಿಮ್ಮಡಿ ಹಿಂದಕ್ಕೆ ಜಾರಿಸುವುದು. ಈ ನಾಲ್ಕನೆಯದರಲ್ಲೇ ನೋವು ಹೆಚ್ಚು, ಎಲ್ಲರೂ ಕದ್ದು ಬಿಡುವುದೂ ಇದನ್ನೇ.

ಅವರೆಕಾಯಿ ಕಾಲದಲ್ಲಿ ಆಪರೇಷನ್ ಆಗಿದ್ದರೆ ಅದೃಷ್ಟ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಟೇಬಲ್ಲಿನ ಮೇಲೆ ಪಾತ್ರೆಯಿಟ್ಟು ಹಿತುಕಲು ಕೂರಿ. ಕಾಲ ಕೆಳಗೆ ಒಂದು ಹತ್ತಿಬಟ್ಟೆ ಇದ್ದರೆ ಪಾದ ಸಲೀಸಾಗಿ ಜಾರುತ್ತದೆ. ಹಿಮ್ಮಡಿ ಹಿಂದೆಳೆದು, ಬಿಗಿಯಾದಲ್ಲಿ ನಿಲ್ಲಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹತ್ತು ಕಾಳು ಚಿಮ್ಮಿಸಿ, ಆಮೇಲೆ ಕಾಲು ಬಿಡಿ. ಮತ್ತೆ ಹತ್ತು. ಪಾವು ಬೇಳೆ ಆಗುವಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಆಗಿರುತ್ತದೆ, ಮಧ್ಯಾಹ್ನಕ್ಕೆ ಹಿತಕಿದ ಬೇಳೆ ಸಾರು ಕೂಡ. ಬೇರೆ ಕಾಲದಲ್ಲಿ ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ನುಂಗಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಈ ಕೆಲಸಕ್ಕೆ ಕೂರಿ. ನೋವು ಏರಿದ ಮೇಲೆ ಮಾತ್ರೆ ನುಂಗಿದರೆ ಆ ಹೊತ್ತಿನ ವ್ಯಾಯಾಮ ಹೋದಂತೆಯೇ.

ಮಕ್ಕಳು ಹೊರದೇಶದಲ್ಲಿದ್ದು ವಿಡಿಯೋ ಕಾಲ್ ಮಾಡುವವರಾದರೆ, ಎಷ್ಟು ಬಾಗುತ್ತೆ ಅಂತ ದಿನಾ ಕೇಳುವುದು ಬೇಡ. ಅಮ್ಮ ಇಲ್ಲಿ ಕಾಲೆತ್ತುವಾಗ ಅಲ್ಲಿಂದ ಮೊಮ್ಮಗು ಕನ್ನಡದಲ್ಲಿ ಒಂದರಿಂದ ಹತ್ತು ಎಣಿಸಲಿ. ಇಬ್ಬರಿಗೂ ಪಾಠವಾಯಿತು.

ಭಾನುವಾರದ ಗೆರೆ

ಕಾಲು ಸುಧಾರಿಸುತ್ತಿದೆಯೋ ಇಲ್ಲವೋ ಅಂತ ದಿನಾ ನೋಡಿದರೆ ಹುಚ್ಚು ಹಿಡಿಯುತ್ತದೆ. ಬೆಳಗ್ಗೆ ಮರಗಟ್ಟಿರುತ್ತದೆ, ಹತ್ತು ಗಂಟೆಗೆ ಸಡಿಲ, ಸಂಜೆಗೆ ಊದಿಕೊಂಡು ಮತ್ತೆ ಬಿಗಿ. ಆದ್ದರಿಂದ ವಾರಕ್ಕೆ ಒಂದೇ ಸಲ ಅಳೆಯಿರಿ, ಅದೂ ಪ್ರತಿ ಭಾನುವಾರ ಒಂದೇ ಹೊತ್ತಿಗೆ, ಬೆಳಗಿನ ವ್ಯಾಯಾಮ ಮುಗಿದ ಮೇಲೆ. ಕುರ್ಚಿಯ ನಾಲ್ಕು ಕಾಲು ಎಲ್ಲಿರುತ್ತವೆಂದು ನೆಲದಲ್ಲಿ ಗುರುತು ಹಾಕಿಕೊಳ್ಳಿ. ಸೊಂಟ ಎತ್ತದೆ, ಮುಂದೆ ಜಾರದೆ, ಹಿಮ್ಮಡಿಯನ್ನು ಆದಷ್ಟು ಹಿಂದೆಳೆಯಿರಿ. ಹೆಬ್ಬೆರಳ ತುದಿಗೆ ಮನೆಯ ಮಗು ಸೀಮೆಸುಣ್ಣದಲ್ಲಿ ಗೆರೆಯೆಳೆದು ತಾರೀಖು ಬರೆಯಲಿ. ಮೊದಲ ವಾರಗಳಲ್ಲಿ ಗೆರೆ ಗೆರೆಗೂ ಒಂದೆರಡು ಬೆರಳ ಅಂತರ ಕಾಣಬಹುದು, ಆಮೇಲೆ ಕಡ್ಡಿಯಷ್ಟು. ಕಡ್ಡಿಯಷ್ಟಾದರೂ ಹಿಂದೆ ಹೋಗುತ್ತಿದ್ದರೆ ಸರಿ. ನೇರವಾಗುವುದನ್ನು ಅಳೆಯಲು ಗಟ್ಟಿ ಹಾಸಿಗೆಯಲ್ಲಿ ಕಾಲು ಚಾಚಿ, ಮಂಡಿ ಕೆಳಗೆ ಎಷ್ಟು ಬೆರಳು ತೂರುತ್ತವೆ ನೋಡಿ. ಅದು ವಾರವಾರಕ್ಕೂ ಕಡಿಮೆಯಾಗಬೇಕು.

ತೊಡೆ ನೆಲಕ್ಕೆ ಸಮನಾಗಿದ್ದು ಹಿಮ್ಮಡಿ ಮಂಡಿಯ ನೇರ ಕೆಳಗೆ ಬಂದರೆ ಅದು 90 ಡಿಗ್ರಿ. ಸಮತಟ್ಟಿನಲ್ಲಿ ನಡೆಯಲು ಸುಮಾರು 65-70 ಡಿಗ್ರಿ ಸಾಕು. ಮೆಟ್ಟಿಲು ಹತ್ತಲು 80ರ ಮೇಲೆ, ಇಳಿಯಲು ಮತ್ತು ಕುರ್ಚಿಯಿಂದ ಏಳಲು 90ರ ಮೇಲೆ ಬೇಕು. ಹೆಚ್ಚಿನವರಿಗೆ ಎರಡು ಮೂರು ವಾರಕ್ಕೆ 90ರ ಆಸುಪಾಸು, ಮೂರು ತಿಂಗಳಿಗೆ 110ರಿಂದ 120 ಬರುತ್ತದೆ. ಆಪರೇಷನ್‌ಗೆ ಮುಂಚೆಯೇ ವರ್ಷಗಟ್ಟಲೆ ಬಿಗಿದುಹೋಗಿದ್ದ ಮಂಡಿಯಾದರೆ ಇದಕ್ಕಿಂತ ಕಡಿಮೆ ಬರಬಹುದು, ಅದು ನಿಮ್ಮ ತಪ್ಪಲ್ಲ.

ಒಂದು ಕಡೆ ಮಾತ್ರ ಕಾಯಬಾರದು. ಆರು ವಾರ ಕಳೆದರೂ 90 ದಾಟಿಲ್ಲ, ಎರಡು ಭಾನುವಾರ ಗೆರೆ ಅಲುಗಿಲ್ಲ ಅಂದರೆ ಮುಂದಿನ ತಪಾಸಣೆ ಬರಲಿ ಅಂತ ಕೂರದೆ ಡಾಕ್ಟರನ್ನು ಕಾಣಿ. ಒಳಗೆ ಗಾಯದ ಅಂಟು ಬಲಿತಿರಬಹುದು. ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವ ಉಪಾಯ ಇದೆ, ಅದು ಮೊದಲ ಮೂರು ತಿಂಗಳೊಳಗೆ ಮಾಡಿದರೆ ಚೆನ್ನಾಗಿ ಫಲಿಸುತ್ತದೆ.

ಹೆದರುವಂಥದ್ದು, ಹೆದರಬಾರದ್ದು

ಮೊದಲ ವಾರ ತೊಡೆಯಿಂದ ಪಾದದವರೆಗೆ ಕಪ್ಪು ನೀಲಿ ಕಲೆ ಇಳಿಯುತ್ತದೆ. ಮಂಡಿಯೊಳಗಿನ ರಕ್ತ ಚರ್ಮದಡಿ ಜಾರಿ ಬಂದದ್ದು ಅದು, ಹಳದಿಗೆ ತಿರುಗಿ ತಾನೇ ಹೋಗುತ್ತದೆ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಅದು ಹೊಸ ಕೀಲಿನ ಲೋಹ ಅದರ ಪ್ಲಾಸ್ಟಿಕ್ಕಿಗೆ ತಾಗುವುದು. ಹೊರಬದಿಯ ಜೋಮು, ಆಪರೇಷನ್‌ನಲ್ಲಿ ಚರ್ಮ ಕೊಯ್ಯುವಾಗ ಸಣ್ಣ ನರ ಕತ್ತರಿಸಿದ್ದರಿಂದ. ವರ್ಷದಲ್ಲಿ ಕುಗ್ಗುತ್ತದೆ, ಚೂರು ಉಳಿಯಲೂಬಹುದು. ಮುಟ್ಟಿದರೆ ಮಂಡಿ ಬೆಚ್ಚಗಿರುವುದು ಆರು ತಿಂಗಳವರೆಗೂ ಇರುತ್ತದೆ. ಬೇಯುವ ತನಕ ಕಾದವರಿಗೆ ಆರುವ ತನಕ ಕಾಯೋಕಾಗಲ್ವಾ ಅನ್ನುತ್ತಾರಲ್ಲ, ಮಂಡಿ ವಿಷಯದಲ್ಲಿ ಅದು ಅಕ್ಷರಶಃ ಸತ್ಯ.

ಆದರೆ ಬೆಚ್ಚಗಿರುವುದರ ಜೊತೆ ಕೆಂಪು ದಿನೇದಿನೇ ಹರಡುತ್ತಿದ್ದರೆ, ಗಾಯದಿಂದ ನೀರು ಅಥವಾ ಕೀವು ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಮನೆಯಲ್ಲಿದ್ದ ಆಂಟಿಬಯಾಟಿಕ್ ನುಂಗಿಸುವುದು ಬೇಡ, ಒಳಗಿನ ಸೋಂಕು ಮುಚ್ಚಿಹೋಗಿ ಪರೀಕ್ಷೆಯಲ್ಲೂ ಸಿಗದಂತಾಗುತ್ತದೆ. ಮೀನಖಂಡ ಊದಿ ಗಟ್ಟಿಯಾಗಿ ನೋಯುತ್ತಿದ್ದರೂ ಅಂದೇ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ 108.

ಎಣ್ಣೆ ತಿಕ್ಕಿ ಬಿಸಿನೀರು ಸುರಿದರೆ ಎಲ್ಲ ಸಡಿಲವಾಗುತ್ತೆ ಅಂತ ಹೇಳುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಬಾಣಂತಿಗೆ ಮಾಡಿದ ಕೈ ಅದು, ಮನಸ್ಸು ಒಳ್ಳೆಯದೇ. ಆದರೆ ಹಸಿ ಗಾಯಕ್ಕೆ ಎಣ್ಣೆ ತಾಗಬಾರದು, ಬಾವಿರುವಾಗ ಬಿಸಿ ಬಾವನ್ನು ಹೆಚ್ಚಿಸುತ್ತದೆ, ಮೀನಖಂಡ ನೀವಿದರೆ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅವರಿಗೆ ತಲೆಗೆ ಎಣ್ಣೆ ಹಚ್ಚುವ ಕೆಲಸ ಕೊಡಿ. ಇಬ್ಬರಿಗೂ ಸುಖ.

ಊಟ, ನಿದ್ದೆ

ಹೊಲಿಗೆ ಕೂಡಿಕೊಳ್ಳಲು, ತೊಡೆಯ ಸ್ನಾಯು ತುಂಬಿಕೊಳ್ಳಲು ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇಲ್ಲದವರಿಗೆ ತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ 60-70 ಗ್ರಾಂ. ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ಇದರ ಅರ್ಧವೂ ಬರುವುದಿಲ್ಲ. ಒಂದು ಮೊಟ್ಟೆ 6 ಗ್ರಾಂ, ದೊಡ್ಡ ಲೋಟ ಹಾಲು 6-7, ಗಟ್ಟಿ ಬೇಳೆ ಒಂದು ಬಟ್ಟಲು 7, ಒಂದು ಹಿಡಿ ಕಡಲೆಕಾಯಿ ಬೀಜ 7. ಹುರುಳಿ ಬಸ್ಸಾರು, ಕಾಳಿನ ಪಲ್ಯ, ಮೀನು, ಕೋಳಿ ಯಾವುದು ರೂಢಿಯೋ ಅದು ದಿನಕ್ಕೆ ಎರಡು ಹೊತ್ತು ಇರಲಿ. ಕಾಲು ಸೂಪ್ ಕುಡಿಯಬಹುದು, ರುಚಿಗೆ. ಅದೊಂದನ್ನೇ ನಂಬಿ ಕೂರಬೇಡಿ. ಕೆಲವು ನೋವಿನ ಮಾತ್ರೆಗಳಿಂದ ಮಲಬದ್ಧತೆ ಬರುತ್ತದೆ. ಸೊಪ್ಪು, ಪರಂಗಿ, ನೀರು ಮೊದಲ ದಿನದಿಂದಲೇ ಇರಲಿ. ಸಕ್ಕರೆ ಕಾಯಿಲೆ ಇದ್ದವರು, ನೋಡಲು ಬಂದವರು ತಂದ ಹಣ್ಣು ಸಿಹಿಯನ್ನೆಲ್ಲ ಅವರ ಎದುರಿಗೇ ತಿನ್ನಬೇಕಿಲ್ಲ.

ಮೊದಲ ಆರು ವಾರ ನಿದ್ದೆ ಒಡೆಯುತ್ತದೆ. ಇದು ಬಹುತೇಕ ಎಲ್ಲರಿಗೂ ಇದ್ದದ್ದೇ. ಮಲಗುವ ಮುಂಚೆ ಒಮ್ಮೆ ಐಸ್, ಹಗಲು ಅರ್ಧ ಗಂಟೆಗಿಂತ ಹೆಚ್ಚು ಮಲಗದಿರುವುದು, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂರುವುದು, ಇವಿಷ್ಟು ನೆರವಾಗುತ್ತವೆ. ಮೂರು ಗಂಟೆಗೆ ಎಚ್ಚರವಾದರೆ ಪಕ್ಕದಲ್ಲಿ ರೇಡಿಯೋ ಇರಲಿ, ಫೋನ್ ಬೇಡ.

ಮೂರನೇ ವಾರ

ಮೊದಲೆರಡು ವಾರ ಮನೆ ತುಂಬ ಜನ. ಹೊಲಿಗೆ ಬಿಚ್ಚಿಸಿದ ಮೇಲೆ ಎಲ್ಲರೂ ಕೆಲಸಕ್ಕೆ ಮರಳುತ್ತಾರೆ, ಬಲವಾದ ಮಾತ್ರೆ ನಿಲ್ಲುತ್ತದೆ, ಫಿಸಿಯೋ ವಾರಕ್ಕೆರಡೇ ದಿನ ಬರುತ್ತಾರೆ. ಮೂರರಿಂದ ಆರನೇ ವಾರದ ನಡುವೆ, ಯಾಕಾದರೂ ಮಾಡಿಸಿಕೊಂಡೆನೋ ಅನ್ನುವ ಮಾತು ಬರುವುದು ಆಗಲೇ. ಮನೆಯವರು ಇದನ್ನು ಮೊದಲೇ ತಿಳಿದಿದ್ದರೆ ಗಾಬರಿ ಕಡಿಮೆ. ರಜೆ ಹಾಕುವವರು ಎಲ್ಲವನ್ನೂ ಮೊದಲ ವಾರಕ್ಕೇ ಸುರಿಯದೆ ಎರಡು ದಿನವನ್ನು ನಾಲ್ಕನೇ ವಾರಕ್ಕೆ ಉಳಿಸಿಕೊಳ್ಳಿ.

ಆ ಹೊತ್ತಿಗೆ ಬೇಕಾಗುವುದು ಉಪಚಾರಕ್ಕಿಂತ ಹೆಚ್ಚಾಗಿ ಕೆಲಸ. ನೀವು ಸುಮ್ಮನೆ ಕೂತಿರಿ ಅನ್ನುವ ಮಾತು ಕೇಳಲು ಹಿತ, ದಿನಗಟ್ಟಲೆ ಕೇಳಿದರೆ ಮನುಷ್ಯ ಕುಗ್ಗುತ್ತಾನೆ. ಸಾರಿನ ಹದ ನೋಡುವುದು, ಮಗುವಿಗೆ ಮಗ್ಗಿ ಹೇಳಿಕೊಡುವುದು, ಹಾಲಿನ ಲೆಕ್ಕ ಬರೆಯುವುದು ಅವರದೇ ಆಗಿರಲಿ. ಸಂಜೆ ಟೇಬಲ್ಲಿನ ಮೇಲೆ ಚೌಕಾಬಾರ ಹಾಸಿ. ಕವಡೆಯ ಆಟ ಅರ್ಧ ಗಂಟೆ ಸಾಗುತ್ತದೆ, ಒಂದೇ ಕಡೆ ಕೂರಲು ಅದೇ ಮಿತಿ. ಆಟ ಮುಗಿದ ಕೂಡಲೇ ಗೆದ್ದವರೂ ಸೋತವರೂ ಎದ್ದು ನಡುಮನೆಯಲ್ಲಿ ಎರಡು ಸುತ್ತು ಹಾಕಲಿ. ನೋಡಲು ಬರುವವರನ್ನು ಐಸ್ ಇಡುವ ಹೊತ್ತಿಗೇ ಕರೆಯಿರಿ: ಕಾಫಿಯೂ ಆಯಿತು, ಇಪ್ಪತ್ತು ನಿಮಿಷಕ್ಕೆ ಮಾತೂ ಮುಗಿಯಿತು. ಪಕ್ಕದ ಬೀದಿಯವರು ಹದಿನೈದು ದಿನಕ್ಕೇ ಮೆಟ್ಟಿಲು ಹತ್ತಿದರಂತೆ ಅನ್ನುವ ಕತೆ ಶುರುವಾದರೆ ಮನೆಯವರು ಮಾತು ತಿರುಗಿಸಲಿ.

ಉತ್ಸಾಹ ಬಂದ ದಿನ ಎಲ್ಲವನ್ನೂ ಮಾಡಿಬಿಡುವುದು ಇನ್ನೊಂದು ತಪ್ಪು. ನಡೆದ ಮೇಲಿನ ನೋವು ಒಂದೆರಡು ಗಂಟೆಯಲ್ಲಿ ಇಳಿಯಬೇಕು. ಮರುದಿನ ಬೆಳಗ್ಗೆಗೂ ಊತ ಹೆಚ್ಚಾಗಿಯೇ ಇದ್ದರೆ ನಿನ್ನೆಯದು ಅತಿಯಾಯಿತು ಅಂತ ಲೆಕ್ಕ. ಆ ದಿನ ನಡಿಗೆ ಅರ್ಧಕ್ಕೆ ಇಳಿಸಿ, ಐಸ್ ಹೆಚ್ಚಿಸಿ. ಪೂರ್ತಿ ನಿಲ್ಲಿಸಬೇಡಿ. ಶುರುವಿನಲ್ಲಿ ಐದೈದು ನಿಮಿಷ ದಿನಕ್ಕೆ ಐದಾರು ಸಲ ನಡೆಯುವುದು, ಒಮ್ಮೆಗೇ ಅರ್ಧ ಗಂಟೆ ನಡೆಯುವುದಕ್ಕಿಂತ ಮೇಲು.

ಹೊಸ್ತಿಲಾಚೆ

ವಾಕರ್‌ನಿಂದ ಕೋಲಿಗೆ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ. ಕೋಲು ಆಪರೇಷನ್ ಆದ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು, ನೋವಿನ ಕಾಲಿನ ಜೊತೆಜೊತೆಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕಾರಿನಲ್ಲಿ ಮುಂದಿನ ಸೀಟು ಪೂರ್ತಿ ಹಿಂದೆ ಸರಿಸಿ, ಮೊದಲು ಕೂತು ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿದರೆ ಸುಲಭವಾಗಿ ತಿರುಗಬಹುದು. ದೇವಸ್ಥಾನಕ್ಕೆ ಜನ ಕಡಿಮೆ ಇರುವ ಹೊತ್ತು ನೋಡಿ, ಕಂಬಿ ಇರುವ ಕಡೆಯಿಂದ ಹತ್ತಿ, ನಿಂತೇ ಕೈಮುಗಿದು ಬನ್ನಿ.

ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲು, ಮಂಡಿಯೂರಿ ನಮಸ್ಕಾರ, ಇವುಗಳ ಬಗ್ಗೆ ಒಬ್ಬೊಬ್ಬ ಡಾಕ್ಟರದು ಒಂದೊಂದು ನಿಲುವು. ಕೀಲಿನ ಮಾದರಿಯ ಮೇಲೂ ಹೋಗುತ್ತದೆ. ಮೂರು ತಿಂಗಳ ತಪಾಸಣೆಯಲ್ಲಿ ಒಂದೊಂದನ್ನೂ ಹೆಸರು ಹೇಳಿ ಕೇಳಿ. ಬಾಳೆಎಲೆ ಊಟಕ್ಕೆ ಟೇಬಲ್ಲಿನಲ್ಲಿ ಕೂರುವುದೇ ವಾಸಿ. ಬರಿಗಾಲಲ್ಲಿ ತೋಟ ಗದ್ದೆ ಸುತ್ತುವವರು ಹಿಮ್ಮಡಿ ಒಡಕನ್ನು ಅಲಕ್ಷಿಸಬಾರದು. ಒಡೆದ ಹಿಮ್ಮಡಿ, ಬೆರಳ ಸಂದಿಯ ಕೆಸರು ಹುಣ್ಣು, ಹುಳುಕು ಹಲ್ಲಿನ ಕೀವು, ಇಲ್ಲಿಂದ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಹೋಗಿ ಸೇರಬಹುದು, ಎಷ್ಟು ವರ್ಷದ ಮೇಲಾದರೂ. ರಾತ್ರಿ ಬೆಚ್ಚನೆ ನೀರಲ್ಲಿ ಪಾದ ತೊಳೆದು, ಸಂದಿಗಳನ್ನು ಒರೆಸಿ ಒಣಗಿಸಿ, ಹಿಮ್ಮಡಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಎದ್ದು ನಡೆಯಬೇಕಾದಾಗ ಅದನ್ನು ತೆಗೆದೇ ಏಳಿ, ಜಾರುತ್ತದೆ.